ಮೂರನೆಯ ಸ್ಥಾನಕ್ಕಿಂತ ನಾಲ್ಕನೆಯದೇ ಲೇಸೇ? ಎನ್‌ಎಚ್‌ಎಲ್ ಪ್ಲೇಆಫ್ ಜೋಡಿಗಳ ತಕರಾರು

ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿಯ ನ್ಯಾಷನಲ್ ಹಾಕಿ ಲೀಗ್ 2025ರಲ್ಲಿ ಆಟಗಾರರ ಸಂಘದೊಂದಿಗೆ ಹೊಸ ಒಪ್ಪಂದ ಮಾಡಿಕೊಂಡಿತು. 2026-27ರ ಋತುವಿನಿಂದ ಪ್ರತಿ ತಂಡ 82ರ ಬದಲು 84 ಪಂದ್ಯಗಳನ್ನು ಆಡಬೇಕೆಂಬುದು ಅದರ ಮುಖ್ಯ ಅಂಶಗಳಲ್ಲೊಂದು. ಋತುವಿನ ಉದ್ದ ಬದಲಾಯಿತು, ಅಭ್ಯಾಸ ಪಂದ್ಯಗಳ ಸಂಖ್ಯೆ ಇಳಿಯಿತು, ಗಾಯಾಳುಗಳ ಸಂಬಳದ ಲೆಕ್ಕವೂ ಬದಲಾಯಿತು. ಆದರೆ ಅಭಿಮಾನಿಗಳು ಪ್ರತಿ ಏಪ್ರಿಲ್‌ನಲ್ಲಿ ತಪ್ಪದೆ ಜಗಳವಾಡುವ ವಿಷಯಕ್ಕೆ, ಎಂದರೆ ಪ್ಲೇಆಫ್‌ನಲ್ಲಿ ಯಾರು ಯಾರ ಎದುರು ಆಡಬೇಕೆಂದು ನಿರ್ಧರಿಸುವ ಪದ್ಧತಿಗೆ, ಯಾರೂ ಕೈ ಹಾಕಲಿಲ್ಲ.

ಈ ಆಟವನ್ನು ಹೊಸದಾಗಿ ನೋಡತೊಡಗಿದವರಿಗೆ ಆ ಜಗಳ ಗೊಂದಲವನ್ನೇ ಹುಟ್ಟಿಸುತ್ತದೆ. ಟೊರಾಂಟೊ, ಡಲ್ಲಾಸ್, ಸಿಯಾಟಲ್ ಕಡೆ ನೆಲೆಸಿದ ಕನ್ನಡಿಗರಲ್ಲಿ ಹಲವರು ಮಕ್ಕಳ ನೆಪದಿಂದ ಈ ಆಟಕ್ಕೆ ಒಲಿದವರು; ಬೆಂಗಳೂರಿನಲ್ಲಿ ಕುಳಿತು ನೋಡುವವರಿಗೆ ಪೂರ್ವ ಕರಾವಳಿಯ ಪಂದ್ಯಗಳು ಬೆಳಗಿನ ಜಾವ ನಾಲ್ಕೂವರೆಯ ಹೊತ್ತಿಗೆ ಶುರುವಾಗುತ್ತವೆ. ಅಷ್ಟು ಹೊತ್ತಿಗೆ ಎದ್ದು ಕುಳಿತವರು ಕೇಳುವ ಪ್ರಶ್ನೆ ನೇರವಾಗಿದೆ: ಇಡೀ ಲೀಗಿನ ಮೊದಲ ನಾಲ್ಕು ತಂಡಗಳಲ್ಲಿ ಎರಡು ಮೊದಲ ಸುತ್ತಿನಲ್ಲೇ ಎದುರಾಗುವುದು ಹೇಗೆ? ಒಂದೇ ಜೋಡಿ ನಾಲ್ಕು ವರ್ಷ ಸತತವಾಗಿ ಮೊದಲ ಸುತ್ತಿನಲ್ಲಿ ಸೆಣಸುವುದು ಏಕೆ?

ಈಗಿನ ಪದ್ಧತಿ

ಲೀಗಿನಲ್ಲಿ 32 ತಂಡಗಳಿವೆ. ಪೂರ್ವ ಮತ್ತು ಪಶ್ಚಿಮ ಎಂದು ಎರಡು ಕಾನ್ಫರೆನ್ಸ್‌ಗಳು; ಪೂರ್ವದಲ್ಲಿ ಅಟ್ಲಾಂಟಿಕ್ ಮತ್ತು ಮೆಟ್ರೊಪಾಲಿಟನ್, ಪಶ್ಚಿಮದಲ್ಲಿ ಸೆಂಟ್ರಲ್ ಮತ್ತು ಪೆಸಿಫಿಕ್ ಎಂಬ ವಿಭಾಗಗಳು. ಪ್ರತಿ ವಿಭಾಗದಲ್ಲಿ ಎಂಟು ತಂಡಗಳು. 2013-14ರಿಂದ ಜಾರಿಯಲ್ಲಿರುವ ನಿಯಮದಂತೆ ಪ್ರತಿ ವಿಭಾಗದ ಮೊದಲ ಮೂರು ತಂಡಗಳು ನೇರವಾಗಿ ಪ್ಲೇಆಫ್ ಪ್ರವೇಶಿಸುತ್ತವೆ. ಉಳಿದವುಗಳಲ್ಲಿ ಹೆಚ್ಚು ಅಂಕ ಗಳಿಸಿದ ಎರಡೆರಡು ತಂಡಗಳು, ವಿಭಾಗ ಯಾವುದೇ ಇರಲಿ, ಆಯಾ ಕಾನ್ಫರೆನ್ಸಿನ ವೈಲ್ಡ್ ಕಾರ್ಡ್ ಪಡೆಯುತ್ತವೆ.

ಜೋಡಿ ಕಟ್ಟುವ ಹಂತದಲ್ಲಿ ತೊಡಕು ಶುರುವಾಗುತ್ತದೆ. ವಿಭಾಗದ ಎರಡನೆಯ ಮತ್ತು ಮೂರನೆಯ ತಂಡಗಳು ಪರಸ್ಪರ ಆಡಬೇಕು. ಎರಡು ವಿಭಾಗಗಳ ಅಗ್ರ ತಂಡಗಳಲ್ಲಿ ಹೆಚ್ಚು ಅಂಕವಿರುವುದಕ್ಕೆ ದುರ್ಬಲ ವೈಲ್ಡ್ ಕಾರ್ಡ್ ತಂಡ, ಮತ್ತೊಂದಕ್ಕೆ ಉಳಿದ ವೈಲ್ಡ್ ಕಾರ್ಡ್ ತಂಡ ಎದುರಾಗುತ್ತದೆ. ಎರಡನೆಯ ಸುತ್ತಿನಲ್ಲಿ ಅದೇ ವಿಭಾಗದ ಕವಲಿನಲ್ಲಿ ಗೆದ್ದವರು ಸೇರುತ್ತಾರೆ. ಒಮ್ಮೆ ಪಟ್ಟಿ ಬರೆದರೆ ಮುಗಿಯಿತು; ಮೊದಲ ಸುತ್ತಿನಲ್ಲಿ ಎಂಥ ಅಚ್ಚರಿಯ ಫಲಿತಾಂಶ ಬಂದರೂ ಜೋಡಿಗಳನ್ನು ಮತ್ತೆ ಕಟ್ಟುವುದಿಲ್ಲ. ಪ್ರತಿ ಸರಣಿ ಏಳು ಪಂದ್ಯಗಳದ್ದು, ನಾಲ್ಕು ಗೆದ್ದವರು ಮುಂದಕ್ಕೆ. ಹೀಗೆ ನಾಲ್ಕು ಸುತ್ತುಗಳಲ್ಲಿ 16 ಪಂದ್ಯ ಗೆದ್ದವರಿಗೆ ಸ್ಟ್ಯಾನ್ಲಿ ಕಪ್.

ಕೊಲಂಬಸ್‌ಗೆ ಆದದ್ದು

ಈ ಪದ್ಧತಿಯನ್ನು ಟೀಕಿಸುವವರು ಮೊದಲು ಎತ್ತಿ ಹೇಳುವುದು 2017ರ ಪ್ರಕರಣವನ್ನು. ಆ ವರ್ಷ ವಾಷಿಂಗ್ಟನ್ ಕ್ಯಾಪಿಟಲ್ಸ್ 118 ಅಂಕಗಳೊಂದಿಗೆ ಲೀಗಿಗೇ ಮೊದಲಾಯಿತು. ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ 111 ಅಂಕಗಳೊಂದಿಗೆ ಎರಡನೆಯದು, ಶಿಕಾಗೊ 109ರೊಂದಿಗೆ ಮೂರನೆಯದು, ಕೊಲಂಬಸ್ ಬ್ಲೂ ಜಾಕೆಟ್ಸ್ 108ರೊಂದಿಗೆ ನಾಲ್ಕನೆಯದು. ಈ ನಾಲ್ಕರಲ್ಲಿ ಮೂರು ತಂಡಗಳು ಮೆಟ್ರೊಪಾಲಿಟನ್ ಎಂಬ ಒಂದೇ ವಿಭಾಗದಲ್ಲಿದ್ದವು. ನಿಯಮದಂತೆ ಎರಡನೆಯ ಪಿಟ್ಸ್‌ಬರ್ಗ್, ಮೂರನೆಯ ಕೊಲಂಬಸ್ ಮೊದಲ ಸುತ್ತಿನಲ್ಲೇ ಮುಖಾಮುಖಿಯಾದವು.

ಆ ಸರಣಿಯ ಮೊದಲ ಪಂದ್ಯಕ್ಕೆ ಮುನ್ನ ಕಸರತ್ತು ಮಾಡುವಾಗಲೇ ಪಿಟ್ಸ್‌ಬರ್ಗ್‌ನ ಗೋಲಿ ಮ್ಯಾಟ್ ಮರ್ರೆ ಗಾಯಗೊಂಡರು. ಬದಲಿಗೆ ಮಾರ್ಕ್-ಆಂದ್ರೆ ಫ್ಲೂರಿ ಗೋಲಿನ ಮುಂದೆ ನಿಂತರು. ಎದುರು ತುದಿಯಲ್ಲಿದ್ದವರು ಆ ಋತುವಿನ ಶ್ರೇಷ್ಠ ಗೋಲಿ ಎಂದು ವೆಜಿನಾ ಪ್ರಶಸ್ತಿ ಗೆದ್ದ ಸೆರ್ಗೈ ಬೊಬ್ರೊವ್‌ಸ್ಕಿ. ಕಾಗದದ ಮೇಲೆ ಕೊಲಂಬಸ್‌ಗೆ ಒಲಿಯಬೇಕಿದ್ದ ಸರಣಿಯದು. ಆದರೆ ಐದೇ ಪಂದ್ಯಗಳಲ್ಲಿ ಪಿಟ್ಸ್‌ಬರ್ಗ್ ಅದನ್ನು ಮುಗಿಸಿತು, ಎರಡನೆಯ ಸುತ್ತಿನಲ್ಲಿ ಏಳು ಪಂದ್ಯಗಳಲ್ಲಿ ವಾಷಿಂಗ್ಟನ್ನನ್ನು ಕೆಡವಿತು, ಕೊನೆಗೆ ಕಪ್ಪನ್ನೂ ಗೆದ್ದಿತು. ಲೀಗಿನ ಮೊದಲನೆಯ ಮತ್ತು ನಾಲ್ಕನೆಯ ತಂಡಗಳು ಕಾನ್ಫರೆನ್ಸ್ ಫೈನಲ್ ಕಾಣುವ ಮೊದಲೇ, ಒಂದೇ ಎದುರಾಳಿಯ ಕೈಯಲ್ಲಿ ಹೊರಬಿದ್ದವು. (ಬೊಬ್ರೊವ್‌ಸ್ಕಿ ಮುಂದೆ ಫ್ಲಾರಿಡಾ ಸೇರಿ 2024 ಮತ್ತು 2025ರಲ್ಲಿ ಕಪ್ ಎತ್ತಿದರು ಎಂಬುದು ಕೊಲಂಬಸ್ ಅಭಿಮಾನಿಗಳಿಗೆ ಬೇರೆಯೇ ನೋವು.)

ಇಷ್ಟೇ ಆಗಿದ್ದರೆ ದುರದೃಷ್ಟ ಎಂದು ಬಿಡಬಹುದಿತ್ತು. ಅದೇ ವಿಭಾಗದಲ್ಲಿ 102 ಅಂಕಗಳೊಂದಿಗೆ ನಾಲ್ಕನೆಯದಾಗಿದ್ದ ನ್ಯೂಯಾರ್ಕ್ ರೇಂಜರ್ಸ್‌ಗೆ ಏನಾಯಿತೆಂದು ನೋಡಿದಾಗ ಪದ್ಧತಿಯ ದೋಷ ಎದ್ದು ಕಾಣುತ್ತದೆ. ರೇಂಜರ್ಸ್ ವೈಲ್ಡ್ ಕಾರ್ಡ್ ಪಡೆದು ಅಟ್ಲಾಂಟಿಕ್ ಕವಲಿಗೆ ದಾಟಿತು. ಅಲ್ಲಿ ಎದುರಾದದ್ದು 103 ಅಂಕಗಳ ಮಾಂಟ್ರಿಯಲ್. ಅದನ್ನು ಸೋಲಿಸಿದ ಮೇಲೆ ಸಿಕ್ಕದ್ದು 98 ಅಂಕಗಳ ಒಟ್ಟಾವಾ. ಆರು ಅಂಕ ಹೆಚ್ಚು ಗಳಿಸಿದ ಕೊಲಂಬಸ್‌ನ ಮುಂದೆ ಇದ್ದ ದಾರಿಯೆಂದರೆ ಮೊದಲು 111 ಅಂಕಗಳ ತಂಡ, ಅದನ್ನು ದಾಟಿದರೆ 118 ಅಂಕಗಳ ತಂಡ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಏಳು ಪಂದ್ಯಗಳ ಸರಣಿಯಲ್ಲಿ ಮೇಲಿನ ಶ್ರೇಯಾಂಕದ ತಂಡಕ್ಕೆ 1, 2, 5 ಮತ್ತು 7ನೆಯ ಪಂದ್ಯಗಳು ತವರಿನಲ್ಲಿ ಸಿಗುತ್ತವೆ. ತವರು ತಂಡದ ಕೋಚ್‌ಗೆ ಆಟ ನಿಂತಾಗಲೆಲ್ಲ ಆಟಗಾರರನ್ನು ಬದಲಿಸುವ ಕೊನೆಯ ಅವಕಾಶವಿರುತ್ತದೆ. ಎದುರಾಳಿಯ ತಾರೆಯರು ಮಂಜಿಗಿಳಿದದ್ದನ್ನು ನೋಡಿಕೊಂಡು ತನ್ನ ಉತ್ತಮ ರಕ್ಷಣಾ ಜೋಡಿಯನ್ನು ಅವರ ಮೇಲೆ ಬಿಡಬಹುದು. ಈ ಅನುಕೂಲ ವಿಭಾಗದಲ್ಲಿ ಮೂರನೆಯದಾದ ತಂಡಕ್ಕೂ ಇಲ್ಲ, ವೈಲ್ಡ್ ಕಾರ್ಡ್ ಪಡೆದ ನಾಲ್ಕನೆಯದಕ್ಕೂ ಇಲ್ಲ. ಅಂದರೆ ಮೂರನೆಯದಾಗಿ ಬಂದದ್ದಕ್ಕೆ ಬಹುಮಾನ ಏನೂ ಇಲ್ಲ, ಕಠಿಣ ಎದುರಾಳಿ ಮಾತ್ರ ಕಟ್ಟಿಟ್ಟದ್ದು. ಅಂಕಪಟ್ಟಿಯಲ್ಲಿ ಮೇಲೇರಿದರೆ ದಾರಿ ಸುಗಮವಾಗಬೇಕು ಎಂಬುದು ಯಾವುದೇ ಪಂದ್ಯಾವಳಿಯ ಮೂಲ ಕರಾರು. 2017ರಲ್ಲಿ ಆ ಕರಾರೇ ಮುರಿಯಿತು.

ಮರುವರ್ಷ ಪಶ್ಚಿಮದಲ್ಲಿ ಇಂಥದೇ ಘಟನೆ. 117 ಅಂಕಗಳ ನ್ಯಾಶ್‌ವಿಲ್, 114 ಅಂಕಗಳ ವಿನಿಪೆಗ್ ಇಡೀ ಲೀಗಿನ ಮೊದಲೆರಡು ತಂಡಗಳು. ಎರಡೂ ಸೆಂಟ್ರಲ್ ವಿಭಾಗದವು. ಎರಡನೆಯ ಸುತ್ತಿನಲ್ಲಿ ಅವು ಏಳು ಪಂದ್ಯ ಕಾದಾಡಿದವು. ನಿರ್ಣಾಯಕ ಪಂದ್ಯದಲ್ಲಿ ನ್ಯಾಶ್‌ವಿಲ್‌ನ ಗೋಲಿ ಪೆಕ್ಕಾ ರಿನ್ನೆ ಬೇಗನೆ ಎರಡು ಗೋಲು ಬಿಟ್ಟು ಮೊದಲ ಅವಧಿಯಲ್ಲೇ ಬೆಂಚಿಗೆ ಮರಳಿದರು. ವಿನಿಪೆಗ್ 5-1ರಿಂದ ಗೆದ್ದಿತು. ಮುಂದಿನ ಸುತ್ತಿನಲ್ಲಿ ಅದೇ ವಿನಿಪೆಗ್ ಐದು ಪಂದ್ಯಗಳಲ್ಲಿ ವೇಗಸ್‌ಗೆ ಶರಣಾಯಿತು. ದಣಿದದ್ದರಿಂದಲೇ ಸೋತಿತು ಎಂದು ಸಾಧಿಸಲಾಗದು, ಆದರೆ ಅಭಿಮಾನಿಗಳು ಹಾಗೆ ನಂಬಿದರೆ ಅವರನ್ನು ತಪ್ಪೆನ್ನುವುದೂ ಕಷ್ಟ. 2022ರಲ್ಲಿ 115 ಅಂಕಗಳ ಟೊರಾಂಟೊಗೆ 110 ಅಂಕಗಳ ಟ್ಯಾಂಪಾ ಬೇ, 113 ಅಂಕಗಳ ಮಿನೆಸೋಟಾಗೆ 109 ಅಂಕಗಳ ಸೇಂಟ್ ಲೂಯಿಸ್ ಮೊದಲ ಸುತ್ತಿನಲ್ಲೇ ಎದುರಾದವು. ಎರಡೂ ಸರಣಿಗಳಲ್ಲಿ ಹೆಚ್ಚು ಅಂಕದವರು ಮನೆಗೆ ಹೋದರು.

ಹಿಂದೆ ಚೆನ್ನಾಗಿತ್ತೇ?

ಹಳೆಯ ಪದ್ಧತಿಗೆ ಮರಳಿ ಎನ್ನುವವರು ಯಾವ ಹಳೆಯದು ಎಂದು ಹೇಳಬೇಕಾಗುತ್ತದೆ, ಏಕೆಂದರೆ ಲೀಗ್ ಎಲ್ಲವನ್ನೂ ಒಮ್ಮೊಮ್ಮೆ ಪ್ರಯತ್ನಿಸಿದೆ. 1980 ಮತ್ತು 1981ರಲ್ಲಿ ವಿಭಾಗ, ಕಾನ್ಫರೆನ್ಸ್ ಎರಡನ್ನೂ ಬದಿಗಿಟ್ಟು 1ರಿಂದ 16ರವರೆಗೆ ನೇರ ಶ್ರೇಯಾಂಕ ಕೊಡಲಾಗಿತ್ತು. 14ನೆಯ ಶ್ರೇಯಾಂಕದ ಎಡ್ಮಂಟನ್ ಮೂರನೆಯ ಶ್ರೇಯಾಂಕದ ಮಾಂಟ್ರಿಯಲ್‌ನ ಮೇಲೆ 1981ರಲ್ಲಿ ಮೂರಕ್ಕೆ ಮೂರೂ ಪಂದ್ಯ ಗೆದ್ದದ್ದು ಆ ಪದ್ಧತಿಯಲ್ಲಿ. ಮರುವರ್ಷದಿಂದ 1993ರವರೆಗೆ ಕಟ್ಟುನಿಟ್ಟಾದ ವಿಭಾಗ ಪದ್ಧತಿ: ಪ್ರತಿ ವಿಭಾಗದ ನಾಲ್ಕು ತಂಡಗಳು ತಮ್ಮೊಳಗೇ ಎರಡು ಸುತ್ತು ಆಡಿ ಒಬ್ಬ ವಿಜೇತನನ್ನು ಹೊರಗೆ ಕಳಿಸಬೇಕಿತ್ತು. ಎಡ್ಮಂಟನ್ ಮತ್ತು ಕ್ಯಾಲ್ಗರಿ, ಮಾಂಟ್ರಿಯಲ್ ಮತ್ತು ಕ್ವಿಬೆಕ್ ನಡುವಿನ ಹಗೆತನ ಕುದಿದದ್ದು ಆ ದಶಕದಲ್ಲಿ.

1993-94ರಲ್ಲಿ ಕಾನ್ಫರೆನ್ಸ್‌ಗೆ ಎಂಟು ತಂಡಗಳೆಂಬ ಪದ್ಧತಿ ಬಂತು. ಇಂದಿನ ಅಭಿಮಾನಿಗಳು ಹಂಬಲಿಸುವುದು ಇದಕ್ಕೇ. ಆದರೆ ಅದರಲ್ಲಿ ವಿಭಾಗ ಗೆದ್ದವರಿಗೆ ಮೇಲಿನ ಶ್ರೇಯಾಂಕ ಖಚಿತವಾಗಿತ್ತು, 1998ರಿಂದ ಆರು ವಿಭಾಗಗಳಾದ ಮೇಲೆ ಅದೂ ಕಿರಿಕಿರಿಯಾಯಿತು. 2012ರಲ್ಲಿ 94 ಅಂಕಗಳ ಫ್ಲಾರಿಡಾ ತನ್ನ ದುರ್ಬಲ ವಿಭಾಗವನ್ನು ಗೆದ್ದದ್ದಕ್ಕೆ ಮೂರನೆಯ ಶ್ರೇಯಾಂಕ ಪಡೆಯಿತು. 102 ಅಂಕಗಳ ನ್ಯೂಜೆರ್ಸಿ ಆರನೆಯದಾಗಿ, ಏಳನೆಯ ಪಂದ್ಯವನ್ನು ಎದುರಾಳಿಯ ಅಂಗಣದಲ್ಲಿ ಆಡಬೇಕಾಯಿತು. ಎರಡನೆಯ ಓವರ್‌ಟೈಮ್‌ನಲ್ಲಿ ಆಡಂ ಹೆನ್ರಿಕ್ ಹೊಡೆದ ಗೋಲು ನ್ಯೂಜೆರ್ಸಿಯನ್ನು ಉಳಿಸಿದ್ದರಿಂದ ಆ ಅನ್ಯಾಯ ಬೇಗ ಮರೆತುಹೋಯಿತು. ಆ ವರ್ಷಗಳ ಒಂದು ಒಳ್ಳೆಯ ರೂಢಿಯಂತೂ ಇತ್ತು: ಮೊದಲ ಸುತ್ತು ಮುಗಿದ ಮೇಲೆ ಜೋಡಿಗಳನ್ನು ಮತ್ತೆ ಕಟ್ಟಿ, ಉಳಿದವರಲ್ಲಿ ಮೇಲಿನವನಿಗೆ ಕೆಳಗಿನವನನ್ನು ಕೊಡುತ್ತಿದ್ದರು. 2013ರಲ್ಲಿ ಅದನ್ನೂ ಕೈಬಿಡಲಾಯಿತು.

ವಿಭಾಗದ ಪರ ವಾದ

2013ರ ಬದಲಾವಣೆಗೆ ಕಾರಣಗಳು ಬಹುತೇಕ ಭೂಗೋಳದವು. ಅಟ್ಲಾಂಟಾದ ತಂಡ 2011ರಲ್ಲಿ ವಿನಿಪೆಗ್‌ಗೆ ಸ್ಥಳಾಂತರಗೊಂಡ ಮೇಲೂ ಅಮೆರಿಕದ ಆಗ್ನೇಯ ಮೂಲೆಯ ತಂಡಗಳೊಂದಿಗೇ ಆಡುತ್ತಿತ್ತು. ಪೂರ್ವದ ಕಾಲಮಾನದಲ್ಲಿದ್ದ ಡೆಟ್ರಾಯಿಟ್ ಮತ್ತು ಕೊಲಂಬಸ್ ಪಶ್ಚಿಮ ಕಾನ್ಫರೆನ್ಸ್‌ನಲ್ಲಿದ್ದವು. ಕ್ಯಾಲಿಫೋರ್ನಿಯಾದಲ್ಲಿ ಆಡುವಾಗ ಅವರ ಊರಿನ ಪ್ರೇಕ್ಷಕರು ರಾತ್ರಿ ಹತ್ತರ ಮೇಲೆ ಟಿವಿ ಮುಂದೆ ಕೂರಬೇಕಿತ್ತು. ಮರುದಿನ ಶಾಲೆಯಿರುವ ಮಗು ಅಷ್ಟು ಹೊತ್ತು ಎಚ್ಚರವಿರುವುದಿಲ್ಲ, ಆ ಮಗು ನಾಳೆಯ ಟಿಕೆಟ್ ಕೊಳ್ಳುವವನು. ವಿಭಾಗದೊಳಗಿನ ಪ್ಲೇಆಫ್ ಎಂದರೆ ಮೊದಲೆರಡು ಸುತ್ತುಗಳು ಆದಷ್ಟೂ ಹತ್ತಿರದ ಕಾಲಮಾನಗಳಲ್ಲಿ, ಕಡಿಮೆ ಹಾರಾಟದಲ್ಲಿ ಮುಗಿಯುತ್ತವೆ.

ಎರಡನೆಯದು ನೆರೆಹೊರೆಯ ಪೈಪೋಟಿ. 2022ರಲ್ಲಿ ಆಲ್ಬರ್ಟಾ ಪ್ರಾಂತ್ಯದ ಎರಡು ತಂಡಗಳಾದ ಎಡ್ಮಂಟನ್ ಮತ್ತು ಕ್ಯಾಲ್ಗರಿ 1991ರ ನಂತರ ಮೊದಲ ಬಾರಿಗೆ ಪ್ಲೇಆಫ್‌ನಲ್ಲಿ ಎದುರಾದವು. ಮೊದಲ ಪಂದ್ಯ 9-6. ಒಂದೇ ರಾತ್ರಿ 15 ಗೋಲು. ಸರಣಿ ಐದು ಪಂದ್ಯಗಳಲ್ಲಿ ಮುಗಿಯಿತಾದರೂ ಆ ಪ್ರಾಂತ್ಯ ಎರಡು ವಾರ ಬೇರೆ ಮಾತಾಡಿದಂತಿರಲಿಲ್ಲ. 2025ರಲ್ಲಿ ಟೊರಾಂಟೊ ಮತ್ತು ಒಟ್ಟಾವಾ 2004ರ ಬಳಿಕ ಮತ್ತೆ ಸೇರಿದವು. ಇಂಥ ಸರಣಿಗಳಿಗೆ ಬೆಲೆ ಕಟ್ಟುವವರೂ ಇದ್ದಾರೆ: ಕೆನಡಾದ ಪ್ರಸಾರ ಹಕ್ಕಿಗಾಗಿ ರೋಜರ್ಸ್ ಸಂಸ್ಥೆ 2026-27ರಿಂದ ಹನ್ನೆರಡು ವರ್ಷಗಳಿಗೆ 1,100 ಕೋಟಿ ಕೆನಡಿಯನ್ ಡಾಲರ್ ಕೊಡಲು ಒಪ್ಪಿದೆ. ಹಿಂದಿನ ಹನ್ನೆರಡು ವರ್ಷಗಳ ಒಪ್ಪಂದ 520 ಕೋಟಿಯದ್ದಾಗಿತ್ತು. ಏಪ್ರಿಲ್ ತಿಂಗಳಲ್ಲೇ ಕೆನಡಾದ ಎರಡು ತಂಡಗಳು ಪರಸ್ಪರ ಸೆಣಸಿದರೆ ಪ್ರಸಾರಕನಿಗೆ ಅದಕ್ಕಿಂತ ಬೇಕಾದದ್ದಿಲ್ಲ. ಕಮಿಷನರ್ ಗ್ಯಾರಿ ಬೆಟ್‌ಮನ್ ಈಗಿನ ಪದ್ಧತಿಯನ್ನು ಬಹಿರಂಗವಾಗಿ ಸಮರ್ಥಿಸುತ್ತ ಬಂದಿರುವುದಕ್ಕೆ ಮೊದಲ ಸುತ್ತಿನ ಈ ಬಿಸಿಯೇ ಮುಖ್ಯ ಆಧಾರ.

ಆದರೆ ಪೈಪೋಟಿಯೂ ಅತಿಯಾದರೆ ಸಪ್ಪೆಯಾಗುತ್ತದೆ. ಎಡ್ಮಂಟನ್ ಮತ್ತು ಲಾಸ್ ಏಂಜಲೀಸ್ 2022, 2023, 2024, 2025 ಈ ನಾಲ್ಕೂ ವರ್ಷ ಮೊದಲ ಸುತ್ತಿನಲ್ಲೇ ಎದುರಾದವು, ನಾಲ್ಕೂ ಸಲ ಎಡ್ಮಂಟನ್ ಗೆದ್ದಿತು. 2025ರಲ್ಲಿ ಲಾಸ್ ಏಂಜಲೀಸ್ ಕಿಂಗ್ಸ್ 105 ಅಂಕ ಗಳಿಸಿ, ತವರಿನ ಅನುಕೂಲವನ್ನೂ ಪಡೆದು, 2-0 ಮುನ್ನಡೆ ಸಾಧಿಸಿ, ನಂತರ ನಾಲ್ಕು ಪಂದ್ಯಗಳನ್ನು ಸಾಲಾಗಿ ಕಳೆದುಕೊಂಡಿತು. ಅದರ ಬೆನ್ನಲ್ಲೇ ಜನರಲ್ ಮ್ಯಾನೇಜರ್ ರಾಬ್ ಬ್ಲೇಕ್ ನಿರ್ಗಮಿಸಿದರು. ಅವರ ಜಾಗಕ್ಕೆ ಬಂದವರು ಹಿಂದೆ ಎಡ್ಮಂಟನ್‌ನಲ್ಲಿ ಅದೇ ಹುದ್ದೆಯಲ್ಲಿದ್ದ ಕೆನ್ ಹಾಲಂಡ್. ಒಂದು ತಂಡ ಕೆಟ್ಟದ್ದೋ ಅಥವಾ ಒಬ್ಬನೇ ಎದುರಾಳಿಗೆ ಅದರಲ್ಲಿ ಉತ್ತರವಿಲ್ಲವೋ ಎಂಬುದು ತಿಳಿಯದೇ ಇದ್ದಾಗಲೂ ಮಾಲೀಕರು ಆಡಳಿತವನ್ನು ಬದಲಿಸಬೇಕಾಗುತ್ತದೆ. ಜೋಡಿ ಕಟ್ಟುವ ನಿಯಮ ಜನರ ನೌಕರಿಯವರೆಗೆ ಹೋಗಿ ಮುಟ್ಟುವುದು ಹೀಗೆ.

ವೇಳಾಪಟ್ಟಿಯ ವಾದ ಎಷ್ಟು ಗಟ್ಟಿ?

ವಿಭಾಗ ಪದ್ಧತಿಯ ಪರವಾಗಿ ಹೇಳುವ ಇನ್ನೊಂದು ಮಾತು ಹೆಚ್ಚು ಗಂಭೀರವಾದದ್ದು. ಒಂದೇ ವಿಭಾಗದ ತಂಡಗಳು ಹೆಚ್ಚುಕಡಿಮೆ ಒಂದೇ ಎದುರಾಳಿಗಳ ಮೇಲೆ ಆಡುತ್ತವೆ, ಆದ್ದರಿಂದ ಅವುಗಳ ಅಂಕಗಳನ್ನು ಹೋಲಿಸುವುದು ನ್ಯಾಯ. ಬೇರೆ ವಿಭಾಗದ ತಂಡದ 100 ಅಂಕಕ್ಕೂ ಇದರ 100 ಅಂಕಕ್ಕೂ ತೂಕ ಒಂದೇ ಅಲ್ಲ ಎಂಬುದು ಆ ವಾದ.

ಕರ್ನಾಟಕದ ಕ್ರಿಕೆಟ್ ಬಲ್ಲವರಿಗೆ ಇದರ ಹಿಂದಿನ ಕಥೆ ಹೊಸದಲ್ಲ. ರಣಜಿ ಟ್ರೋಫಿ 2002ರವರೆಗೂ ವಲಯಗಳ ಲೆಕ್ಕದಲ್ಲಿ ನಡೆಯಿತು. 1970-71ರಿಂದ ಪ್ರತಿ ವಲಯದ ಎರಡು ತಂಡಗಳು, 1992-93ರಿಂದ ಮೂರು ತಂಡಗಳು ನಾಕೌಟ್‌ಗೆ ಹೋಗುತ್ತಿದ್ದವು. ಕರ್ನಾಟಕ, ತಮಿಳುನಾಡು, ಹೈದರಾಬಾದ್ ಮೂರೂ ದಕ್ಷಿಣ ವಲಯದಲ್ಲೇ ಇದ್ದುದರಿಂದ, ಎರಡೇ ಸ್ಥಾನಗಳಿದ್ದ ಕಾಲದಲ್ಲಿ ಇವುಗಳಲ್ಲಿ ಒಂದಾದರೂ ಹೊರಗುಳಿಯಲೇಬೇಕಿತ್ತು. ದುರ್ಬಲ ವಲಯದ ಎರಡನೆಯ ತಂಡ ಮಾತ್ರ ನಿರಾಯಾಸವಾಗಿ ಒಳಬರುತ್ತಿತ್ತು. ಆದರೂ ಆ ಪದ್ಧತಿಗೆ ಒಂದು ಗಟ್ಟಿ ಸಮರ್ಥನೆ ಇತ್ತು: ವಲಯದ ತಂಡಗಳು ಲೀಗ್ ಹಂತದಲ್ಲಿ ಬೇರೆ ವಲಯದವರ ಮೇಲೆ ಆಡುತ್ತಲೇ ಇರಲಿಲ್ಲ, ಆದ್ದರಿಂದ ಅಂಕಗಳನ್ನು ಹೋಲಿಸಲು ದಾರಿಯೇ ಇರಲಿಲ್ಲ.

ಎನ್‌ಎಚ್‌ಎಲ್‌ಗೆ ಆ ಸಮರ್ಥನೆ ಸಿಗುವುದಿಲ್ಲ. 82 ಪಂದ್ಯಗಳ ಋತುವಿನ ಲೆಕ್ಕ ಹೀಗಿದೆ: ಬೇರೆ ಕಾನ್ಫರೆನ್ಸಿನ 16 ತಂಡಗಳ ಮೇಲೆ ಎರಡೆರಡರಂತೆ 32 ಪಂದ್ಯ; ಸ್ವಂತ ಕಾನ್ಫರೆನ್ಸಿನ ಮತ್ತೊಂದು ವಿಭಾಗದ ಎಂಟು ತಂಡಗಳ ಮೇಲೆ ಮೂರು ಮೂರರಂತೆ 24; ಸ್ವಂತ ವಿಭಾಗದ ಏಳು ತಂಡಗಳ ಮೇಲೆ 26, ಅಂದರೆ ಐವರ ಮೇಲೆ ನಾಲ್ಕು ನಾಲ್ಕು ಮತ್ತು ಇಬ್ಬರ ಮೇಲೆ ಮೂರು ಮೂರು. 84ಕ್ಕೆ ಏರಿದಾಗ ಹೆಚ್ಚುವರಿ ಎರಡು ಪಂದ್ಯಗಳು ವಿಭಾಗದೊಳಗೇ ಸೇರುತ್ತವೆ. ಏಳೂ ನೆರೆಯವರ ಮೇಲೆ ನಾಲ್ಕು ನಾಲ್ಕು ಪಂದ್ಯವಾಗಿ ಲೆಕ್ಕ 28ಕ್ಕೆ ಸರಿಹೊಂದುತ್ತದೆ.

ಈ ಅಂಕಿಗಳನ್ನು ತಾಳ್ಮೆಯಿಂದ ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಒಂದೇ ಕಾನ್ಫರೆನ್ಸಿನ ಎರಡು ವಿಭಾಗಗಳ ತಂಡಗಳ ನಡುವಿನ ವ್ಯತ್ಯಾಸವೆಂದರೆ ಪ್ರತಿ ಎದುರಾಳಿಯ ಮೇಲೆ ಒಂದೇ ಒಂದು ಪಂದ್ಯ: ಇವರು ನಾಲ್ಕು ಆಡಿದಲ್ಲಿ ಅವರು ಮೂರು ಆಡಿರುತ್ತಾರೆ. ಬೇರೆ ಕಾನ್ಫರೆನ್ಸಿನ ಮೇಲಿನ 32 ಪಂದ್ಯಗಳಂತೂ ಇಬ್ಬರಿಗೂ ಸಮ. ಇಷ್ಟು ಸಣ್ಣ ಅಂತರಕ್ಕಾಗಿ 108 ಅಂಕಗಳ ತಂಡವನ್ನು 111ರ ಎದುರಿಗೂ 102ರ ತಂಡವನ್ನು 103ರ ಎದುರಿಗೂ ನಿಲ್ಲಿಸಬೇಕಾಗಿಲ್ಲ. ಮೇಲಾಗಿ ವೈಲ್ಡ್ ಕಾರ್ಡ್ ಹಂಚುವಾಗ ಲೀಗ್ ತಾನೇ ಎರಡು ವಿಭಾಗಗಳ ಅಂಕಗಳನ್ನು ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಹೋಲಿಕೆ ಅಲ್ಲಿ ನ್ಯಾಯವಾದರೆ ಜೋಡಿ ಕಟ್ಟುವಾಗ ಏಕೆ ಅನ್ಯಾಯವಾಗಬೇಕು?

ಹಾಗಾಗಿ ವಿಭಾಗ ಪದ್ಧತಿಯನ್ನು ಎತ್ತಿಹಿಡಿದಿರುವುದು ಪೈಪೋಟಿ, ಪ್ರಯಾಣ, ಟಿವಿ ಸಮಯ ಈ ಮೂರೇ. ಅವು ಸಣ್ಣ ಕಾರಣಗಳೇನೂ ಅಲ್ಲ, ಅವನ್ನು ಹಾಗೆಂದೇ ಹೇಳಿದರೆ ಚರ್ಚೆ ಸ್ವಚ್ಛವಾಗುತ್ತದೆ.

2025ನ್ನು ಮತ್ತೆ ಜೋಡಿಸಿದರೆ

ಟೀಕಾಕಾರರ ಪಾಳಯದಲ್ಲೂ ಉತ್ಪ್ರೇಕ್ಷೆ ಇದೆ. ಕಾನ್ಫರೆನ್ಸಿಗೆ ಒಂದರಿಂದ ಎಂಟು ಎಂದು ಶ್ರೇಯಾಂಕ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಯನ್ನು 2025ರ ಅಂಕಪಟ್ಟಿಯ ಮೇಲೆ ಇಟ್ಟು ನೋಡಬಹುದು.

ಆ ವರ್ಷ ಪಶ್ಚಿಮದಲ್ಲಿ ವಿನಿಪೆಗ್ 116, ವೇಗಸ್ 110, ಡಲ್ಲಾಸ್ 106, ಲಾಸ್ ಏಂಜಲೀಸ್ 105, ಕೊಲರಾಡೊ 102, ಎಡ್ಮಂಟನ್ 101, ಮಿನೆಸೋಟಾ 97, ಸೇಂಟ್ ಲೂಯಿಸ್ 96. ಎಲ್ಲರೂ ದೂರಿದ ಜೋಡಿ ಡಲ್ಲಾಸ್ ಮತ್ತು ಕೊಲರಾಡೊ ನಡುವಿನದು. ಅದು ಏಳನೆಯ ಪಂದ್ಯದ ಕೊನೆಯ ಅವಧಿಯವರೆಗೂ ತೂಗುಯ್ಯಾಲೆಯಲ್ಲಿತ್ತು. ಕೊಲರಾಡೊ 2-0 ಮುಂದಿದ್ದಾಗ, ಅದೇ ಕೊಲರಾಡೊ ಜನವರಿಯಲ್ಲಿ ಬಿಟ್ಟುಕೊಟ್ಟಿದ್ದ ಮಿಕ್ಕೊ ರಾಂಟನೆನ್ ಮೂರನೆಯ ಅವಧಿಯೊಂದರಲ್ಲೇ ಮೂರು ಗೋಲು ಹೊಡೆದು ಡಲ್ಲಾಸ್‌ಗೆ 4-2ರ ಗೆಲುವು ತಂದರು. ಒಂದರಿಂದ ಎಂಟರ ಪದ್ಧತಿಯಲ್ಲಿ ಈ ಜೋಡಿ ಇರುತ್ತಿರಲಿಲ್ಲ. ಡಲ್ಲಾಸ್‌ಗೆ ಎಡ್ಮಂಟನ್ ಸಿಗುತ್ತಿತ್ತು, ಕೊಲರಾಡೊಗೆ ಲಾಸ್ ಏಂಜಲೀಸ್. ಎಡ್ಮಂಟನ್ ಆ ವರ್ಷ ಫೈನಲ್ ಆಡಿದ ತಂಡ. ಡಲ್ಲಾಸ್‌ನ ಕಷ್ಟ ಕಡಿಮೆಯಾಗುತ್ತಿತ್ತೆಂದು ಯಾರೂ ಹೇಳಲಾರರು. ವಿನಿಪೆಗ್ ವಿರುದ್ಧ ಸೇಂಟ್ ಲೂಯಿಸ್, ವೇಗಸ್ ವಿರುದ್ಧ ಮಿನೆಸೋಟಾ ಜೋಡಿಗಳು ಯಾವ ಪದ್ಧತಿಯಲ್ಲೂ ಅವೇ.

ಪೂರ್ವದಲ್ಲಿ ವಾಷಿಂಗ್ಟನ್ ಮತ್ತು ಮಾಂಟ್ರಿಯಲ್ ಜೋಡಿ ಹಾಗೆಯೇ ಉಳಿಯುತ್ತಿತ್ತು. ಟೊರಾಂಟೊಗೆ ಒಟ್ಟಾವಾ ಬದಲು ನ್ಯೂಜೆರ್ಸಿ, ಟ್ಯಾಂಪಾಗೆ ಫ್ಲಾರಿಡಾ ಬದಲು ಒಟ್ಟಾವಾ ಎದುರಾಗುತ್ತಿದ್ದವು. ಕ್ಯಾರೊಲೈನಾ ಮಾತ್ರ ಬೆಲೆ ತೆರುತ್ತಿತ್ತು: 91 ಅಂಕಗಳ ನ್ಯೂಜೆರ್ಸಿಯ ಜಾಗದಲ್ಲಿ ಆ ವರ್ಷದ ಚಾಂಪಿಯನ್ ಫ್ಲಾರಿಡಾ ಮೊದಲ ಸುತ್ತಿನಲ್ಲೇ ಎದುರು ನಿಲ್ಲುತ್ತಿತ್ತು. ಕಠಿಣ ಎದುರಾಳಿಯ ಹೊರೆ ಒಬ್ಬರ ಹೆಗಲಿಂದ ಮತ್ತೊಬ್ಬರ ಹೆಗಲಿಗೆ ಹೋಗುತ್ತದೆ, ಕರಗುವುದಿಲ್ಲ. ಬಲಿಷ್ಠ ತಂಡಗಳು ಒಂದೇ ವಿಭಾಗದಲ್ಲಿ ಗುಂಪಾದ 2017, 2018ರಂಥ ವರ್ಷಗಳಲ್ಲಿ ಹೊಸ ಪದ್ಧತಿಯ ಲಾಭ ದೊಡ್ಡದು, 2025ರಂಥ ವರ್ಷಗಳಲ್ಲಿ ಅಲ್ಪ.

ಹದಿನಾರೂ ಒಂದೇ ಪಟ್ಟಿಯಲ್ಲಿ

ಇನ್ನೂ ಮುಂದೆ ಹೋಗುವವರು 1980ರಂತೆ ಹದಿನಾರೂ ತಂಡಗಳನ್ನು ಒಂದೇ ಪಟ್ಟಿಗೆ ತರಬೇಕೆನ್ನುತ್ತಾರೆ. 2025ರಲ್ಲಿ ಕ್ಯಾಲ್ಗರಿ 96 ಅಂಕ ಗಳಿಸಿಯೂ ಹೊರಗುಳಿಯಿತು, ಪೂರ್ವದಲ್ಲಿ 91 ಅಂಕಕ್ಕೆ ಎರಡು ತಂಡಗಳು ಒಳಬಂದವು. ಇದು ಅವರ ಬಲವಾದ ಸಾಕ್ಷ್ಯ. ಆದರೆ ವೇಳಾಪಟ್ಟಿಯ ವಾದಕ್ಕೆ ನಿಜವಾದ ಬಲ ಬರುವುದು ಇಲ್ಲಿ. ಪಶ್ಚಿಮದ ತಂಡ ಪಶ್ಚಿಮದವರ ಮೇಲೆ ಮೂರು ನಾಲ್ಕು ಸಲ ಆಡಿದರೆ ಪೂರ್ವದ ತಂಡ ಅವರ ಮೇಲೆ ಎರಡೇ ಸಲ ಆಡಿರುತ್ತದೆ. ಪ್ರಯಾಣದ ಪ್ರಶ್ನೆಯಂತೂ ಇದ್ದೇ ಇದೆ: 2025ರಲ್ಲಿ ಹೀಗೆ ಮಾಡಿದ್ದರೆ ಆರನೆಯ ಲಾಸ್ ಏಂಜಲೀಸ್‌ಗೆ ಹನ್ನೊಂದನೆಯ ಫ್ಲಾರಿಡಾ ಎದುರಾಗುತ್ತಿತ್ತು. ಖಂಡದ ಎರಡು ತುದಿಗಳು, ನಡುವೆ ಮೂರು ಗಂಟೆಗಳ ಕಾಲವ್ಯತ್ಯಾಸ. ಎಡ್ಮಂಟನ್‌ನಿಂದ ಪಾರಾದೆವೆಂದು ಕಿಂಗ್ಸ್ ಅಭಿಮಾನಿಗಳು ನಿಟ್ಟುಸಿರು ಬಿಡುವಷ್ಟರಲ್ಲಿ ಮುಂದೆ ನಿಲ್ಲುತ್ತಿದ್ದದ್ದು ಚಾಂಪಿಯನ್.

ಅಂಕಗಳಿಗೆ ಇರುವ ಮಿತಿ

ಎರಡೂ ಪಾಳಯದವರು ಅಂಕಗಳನ್ನು ಶಕ್ತಿಯ ಅಳತೆ ಎಂದು ಒಪ್ಪಿಕೊಂಡೇ ವಾದಿಸುತ್ತಾರೆ. ಅದು ಅರ್ಧ ಸತ್ಯ. ಗೆದ್ದರೆ ಎರಡು ಅಂಕ. ನಿಗದಿತ ಸಮಯದಲ್ಲಿ ಸಮಬಲವಾಗಿ ಓವರ್‌ಟೈಮ್ ಅಥವಾ ಶೂಟೌಟ್‌ನಲ್ಲಿ ಸೋತರೂ ಒಂದು ಅಂಕ. ಋತುವಿನ ಓವರ್‌ಟೈಮ್‌ನಲ್ಲಿ ತಂಡಕ್ಕೆ ಮೂವರೇ ಆಟಗಾರರು, ಐದೇ ನಿಮಿಷ, ಆಮೇಲೆ ಶೂಟೌಟ್. ಪ್ಲೇಆಫ್‌ನಲ್ಲಿ ಇವಾವುವೂ ಇಲ್ಲ. ಐವರಿಗೆ ಐವರು, ಇಪ್ಪತ್ತು ನಿಮಿಷಗಳ ಅವಧಿಗಳು, ಗೋಲು ಬೀಳುವವರೆಗೆ. ಪ್ಲೇಆಫ್‌ನಲ್ಲಿ ಇಲ್ಲವೇ ಇಲ್ಲದ ಆಟದಿಂದ ಐದಾರು ಅಂಕ ಹೆಚ್ಚಿಗೆ ಕೂಡಿಹಾಕಿದ ತಂಡವನ್ನು ಬಲಿಷ್ಠವೆನ್ನುವುದು ಸುಲಭವಲ್ಲ.

ಇದಕ್ಕೆ ಆಟದ ಸ್ವಭಾವವೂ ಸೇರುತ್ತದೆ. ಗೋಲುಗಳು ವಿರಳ, ಒಬ್ಬ ಗೋಲಿ ಎರಡು ವಾರ ಉರಿದರೆ ಶ್ರೇಯಾಂಕ ನೆಲಕಚ್ಚುತ್ತದೆ. 2019ರಲ್ಲಿ 128 ಅಂಕಗಳ ಟ್ಯಾಂಪಾ ಬೇ ನಾಲ್ಕೇ ಪಂದ್ಯಗಳಲ್ಲಿ ಕೊಲಂಬಸ್‌ಗೆ ಸೋತಿತು. ಕೊಲಂಬಸ್ ತನ್ನ ಇತಿಹಾಸದಲ್ಲಿ ಗೆದ್ದ ಮೊದಲ ಪ್ಲೇಆಫ್ ಸರಣಿಯದು. ಆ ವರ್ಷ ನಾಲ್ಕೂ ವಿಭಾಗಗಳ ಅಗ್ರ ತಂಡಗಳು ಮೊದಲ ಸುತ್ತಿನಲ್ಲೇ ಉರುಳಿದವು. 2023ರಲ್ಲಿ 65 ಗೆಲುವು, 135 ಅಂಕಗಳ ದಾಖಲೆ ಬರೆದ ಬಾಸ್ಟನ್, 92 ಅಂಕಗಳ ಫ್ಲಾರಿಡಾದ ಮೇಲೆ 3-1 ಮುಂದಿದ್ದು ಸೋತಿತು. 2013ರ ಶಿಕಾಗೊ ಬಳಿಕ 2025ರವರೆಗೆ ಋತುವಿನ ಅಗ್ರ ತಂಡ ಒಮ್ಮೆಯೂ ಕಪ್ ಗೆದ್ದಿಲ್ಲ. ಜೋಡಿಯನ್ನು ಎಷ್ಟೇ ನಾಜೂಕಾಗಿ ಕಟ್ಟಿದರೂ ಫಲಿತಾಂಶ ಶ್ರೇಯಾಂಕದ ಮಾತು ಕೇಳುವುದಿಲ್ಲ; ತಮ್ಮ ತಂಡ ಸೋತ ಪ್ರತಿ ವರ್ಷವೂ ಪದ್ಧತಿಯನ್ನೇ ಬೈಯುವ ಅಭಿಮಾನಿಗಳಿಗೆ ಇದನ್ನು ನೆನಪಿಸಬೇಕಾಗುತ್ತದೆ. ಆದರೆ ಫಲಿತಾಂಶ ಅನಿಶ್ಚಿತವೆಂಬ ಕಾರಣಕ್ಕೆ ಆರಂಭದ ಸಾಲು ಓರೆಯಾಗಿದ್ದರೂ ನಡೆಯುತ್ತದೆ ಎನ್ನುವುದೂ ಸರಿಯಲ್ಲ.

ಮುಂದೇನಾಗಬಹುದು

ನಿಯಮ ಬದಲಿಸುವ ಅಧಿಕಾರ ತಂಡಗಳ ಮಾಲೀಕರಿರುವ ಗವರ್ನರ್ ಮಂಡಳಿಯದ್ದು, ಆಟಗಾರರ ಸಂಘದ ಒಪ್ಪಿಗೆಯೂ ಬೇಕಾಗುತ್ತದೆ. 2011ರ ಡಿಸೆಂಬರ್‌ನಲ್ಲಿ ಮಂಡಳಿ ಒಪ್ಪಿದ್ದ ಮರುವಿಂಗಡಣೆಗೆ ಮರುತಿಂಗಳೇ ಸಂಘ ತಡೆಯೊಡ್ಡಿತ್ತು. ಈಗಿನ ಪದ್ಧತಿ 2013ರಲ್ಲಿ ಜಾರಿಗೆ ಬಂದದ್ದು ಆ ಜಗ್ಗಾಟದ ನಂತರ. ಹೊಸ ಒಪ್ಪಂದ 2030ರ ಸೆಪ್ಟೆಂಬರ್‌ವರೆಗೆ ನಡೆಯುತ್ತದೆ. ಪ್ರಸಾರದ ಹಣ ದುಪ್ಪಟ್ಟಾಗಿರುವಾಗ, ಮೊದಲ ಸುತ್ತಿನ ಕ್ರೀಡಾಂಗಣಗಳು ತುಂಬಿರುವಾಗ, ಮಾಲೀಕರು ತಾವಾಗಿ ಇದನ್ನು ಕೆದಕುವ ಸಾಧ್ಯತೆ ಕಡಿಮೆ. ಲೀಗಿಗೆ 33ನೆಯ, 34ನೆಯ ತಂಡಗಳು ಸೇರಿ ಎಂಟೆಂಟರ ವಿಭಾಗಗಳ ಸಮತೋಲ ಕೆಟ್ಟರೆ ಮಾತ್ರ ಮರುವಿಂಗಡಣೆ ಅನಿವಾರ್ಯವಾಗುತ್ತದೆ. ಪ್ಲೇಆಫ್ ಪದ್ಧತಿಯ ಮರುವಿಚಾರವೂ ಆಗಲೇ ಬರಬಹುದು.

ಅದಕ್ಕೂ ಮುನ್ನ ಮಾಡಬಹುದಾದ ಸಣ್ಣ ತಿದ್ದುಪಡಿಯೊಂದಿದೆ. ಯಾವ ಎಂಟು ತಂಡಗಳು ಒಳಬರಬೇಕೆಂಬುದನ್ನು ಈಗಿನಂತೆ ವಿಭಾಗಗಳೇ ನಿರ್ಧರಿಸಲಿ. ಮೊದಲ ಸುತ್ತಿನ ಪೈಪೋಟಿಯನ್ನೂ ಉಳಿಸಿಕೊಳ್ಳಲಿ. ಎರಡನೆಯ ಸುತ್ತಿಗೆ ಮಾತ್ರ 2013ಕ್ಕೆ ಮುಂಚಿನಂತೆ ಕಾನ್ಫರೆನ್ಸಿನ ಉಳಿದ ನಾಲ್ವರನ್ನು ಅಂಕಗಳ ಪ್ರಕಾರ ಮತ್ತೆ ಜೋಡಿಸಿದರೆ ಸಾಕು. ಇದರಿಂದ 2017ರ ಕೊಲಂಬಸ್‌ಗೆ ನ್ಯಾಯ ಸಿಗುತ್ತಿರಲಿಲ್ಲ, ನಿಜ. ಆದರೆ ಆ ವರ್ಷ ಪೂರ್ವದಲ್ಲಿ ಉಳಿದ ನಾಲ್ವರೆಂದರೆ ವಾಷಿಂಗ್ಟನ್, ಪಿಟ್ಸ್‌ಬರ್ಗ್, ರೇಂಜರ್ಸ್, ಒಟ್ಟಾವಾ. 118ರ ವಾಷಿಂಗ್ಟನ್‌ಗೆ 98ರ ಒಟ್ಟಾವಾ, 111ರ ಪಿಟ್ಸ್‌ಬರ್ಗ್‌ಗೆ 102ರ ರೇಂಜರ್ಸ್ ಎದುರಾಗುತ್ತಿದ್ದವು. 2018ರ ನ್ಯಾಶ್‌ವಿಲ್ ಮತ್ತು ವಿನಿಪೆಗ್ ಕೂಡ ಕಾನ್ಫರೆನ್ಸ್ ಫೈನಲ್‌ಗಿಂತ ಮೊದಲು ಸೇರುತ್ತಿರಲಿಲ್ಲ. 2022ರ ಆಲ್ಬರ್ಟಾ ಕಾಳಗಕ್ಕೆ ಮಾತ್ರ ಇದು ಅಡ್ಡಬರುತ್ತಿತ್ತು ಎಂಬುದು ಗಮನಾರ್ಹ: ಆ ವರ್ಷ ಪಶ್ಚಿಮದಲ್ಲಿ ಉಳಿದಿದ್ದ ಕೊಲರಾಡೊ 119, ಕ್ಯಾಲ್ಗರಿ 111, ಸೇಂಟ್ ಲೂಯಿಸ್ 109, ಎಡ್ಮಂಟನ್ 104. ಮೊದಲನೆಯದಕ್ಕೆ ಕೊನೆಯದೆಂದು ಜೋಡಿಸಿದ್ದರೆ ಎಡ್ಮಂಟನ್ ಕೊಲರಾಡೊಗೆ ಎದುರಾಗಿ ಆ ಸುತ್ತಿನಲ್ಲಿ ಕಾಳಗ ತಪ್ಪುತ್ತಿತ್ತು. ಆದರೆ ಎರಡೂ ತಂಡಗಳು ತಮ್ಮ ಸರಣಿ ಗೆದ್ದಿದ್ದರೆ ಅದು ಒಂದು ಸುತ್ತು ತಡವಾಗಿ, ಫೈನಲ್ ಪ್ರವೇಶವನ್ನೇ ಪಣಕ್ಕಿಟ್ಟು ನಡೆಯುತ್ತಿತ್ತು. ಪ್ರಸಾರಕರು ಮೇ ಮೊದಲ ವಾರದ ಖಚಿತ ಗದ್ದಲವನ್ನು ಬಿಟ್ಟು ಕೊನೆಯ ವಾರದ ಸಂಭವನೀಯ ಗದ್ದಲಕ್ಕೆ ಕಾಯಲು ಒಪ್ಪುತ್ತಾರೆಯೇ ಎಂಬುದರ ಮೇಲೆ ಈ ತಿದ್ದುಪಡಿಯ ಭವಿಷ್ಯ ನಿಂತಿದೆ.